ತೆರೆಯ ಮೇಲಿನ ಗೋಡೆ

ಮನೆ ಕಟ್ಟಿಸುವವರು ನೀಲಿನಕ್ಷೆಯ ಸುರುಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ತಿರುಗುತ್ತಿದ್ದ ಕಾಲ ಹೋಯಿತು. ಈಗ ಎಂಜಿನಿಯರರ ಕೋಣೆಗೆ ಹೋದರೆ ಅವರು ಮೇಜಿನ ಮೇಲಿನ ಕಂಪ್ಯೂಟರಿನ ತೆರೆಯನ್ನು ನಮ್ಮ ಕಡೆಗೆ ತಿರುಗಿಸುತ್ತಾರೆ. ಅಲ್ಲಿ ನಮ್ಮ ಮನೆ ನಿಂತಿರುತ್ತದೆ. ಪಾಯವಿಲ್ಲದೆ, ಸಿಮೆಂಟಿಲ್ಲದೆ, ಸಾಲವೂ ಇಲ್ಲದೆ ನಿಂತ ಮನೆ! ಅದನ್ನು ಸುತ್ತ ತಿರುಗಿಸಿ ತೋರಿಸುತ್ತಾರೆ. ಒಳಗೆ ಹೊಕ್ಕು ಅಡುಗೆಮನೆಯ ಕಿಟಕಿಯಿಂದ ಹೊರಗೆ ನೋಡಿಸುತ್ತಾರೆ. "ಈ ಗೋಡೆ ಇಷ್ಟೆತ್ತರ ಬೇಡ ಸ್ವಾಮಿ" ಎಂದು ಮನೆಯವರು ಹೇಳಿದ ಕ್ಷಣದಲ್ಲೇ ಅದು ಇಳಿಯುತ್ತದೆ. "ಇಲ್ಲೊಂದು ಕಮಾನು ಇದ್ದರೆ ಹೇಗೆ?" ಎಂದರೆ ಕಾಫಿ ಆರುವ ಮೊದಲೇ ಕಮಾನು ಮೂಡುತ್ತದೆ.

ಆ ಒಂದು ಕ್ಷಣದಲ್ಲಿ ಎಂಜಿನಿಯರು ಮಾಡಿದ್ದೇನು, ಆ ಗೋಡೆ ಯಾವ ಆಧಾರದ ಮೇಲೆ ಆಕಾರ ಬದಲಿಸಿತು, ಎಂಬುದೇ ಇಂದು ನಾನು ಹೇಳಬೇಕೆಂದಿರುವ ವಿಷಯ. ಕಣ್ಣಿನ ಕೆಲಸವನ್ನು ಕಿವಿಗೆ ಹೇಳುವುದು ಸ್ವಲ್ಪ ಕಷ್ಟವೇ. ನೀವು ಮನಸ್ಸಿನಲ್ಲಿ ಒಂದು ಅಂಚೆ ಕಾರ್ಡನ್ನು ಉದ್ದಕ್ಕೆ ನಿಲ್ಲಿಸಿಕೊಂಡರೆ ಸಾಕು. ನಮ್ಮ ಗೋಡೆ ಸದ್ಯಕ್ಕೆ ಅಷ್ಟೇ.

ನಾನು ಉದಾಹರಣೆಗೆ ತೆಗೆದುಕೊಳ್ಳುವುದು ರೆವಿಟ್ ಎಂಬ ತಂತ್ರಾಂಶವನ್ನು. ನನ್ನ ಕೈಗೆ ಒಗ್ಗಿದ್ದು ಅದು. ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದಲ್ಲಿ 1997ರಲ್ಲಿ ಹುಟ್ಟಿದ ಒಂದು ಸಣ್ಣ ಕಂಪೆನಿ ಅದನ್ನು ಸಿದ್ಧಪಡಿಸಿತು. 2000ದಲ್ಲಿ ಅದು ಮಾರಾಟಕ್ಕೆ ಬಂದಿತು. 2002ರಲ್ಲಿ ಆಟೋಡೆಸ್ಕ್ ಸಂಸ್ಥೆ ಅದನ್ನು ಕೊಂಡುಕೊಂಡಿತು. ಹಂಗೇರಿಯಲ್ಲಿ ಹುಟ್ಟಿದ ಆರ್ಕಿಕ್ಯಾಡ್ ಇದಕ್ಕಿಂತ ಹಿರಿಯದು. ಹಣ ಕೊಡದೆ ಬಳಸಬಹುದಾದ ಫ್ರೀಕ್ಯಾಡ್ ಎಂಬುದೂ ಉಂಟು. ಗುಂಡಿಗಳ ಹೆಸರು ಬೇರೆಯಾದರೂ ನಾನು ಹೇಳಲಿರುವ ತೊಡಕು ಎಲ್ಲ ಕಡೆಯೂ ಒಂದಲ್ಲ ಒಂದು ರೂಪದಲ್ಲಿ ಎದುರಾಗುವಂಥದೇ.

ಹಳೆಯ ನಕ್ಷೆಗಾರ ಗೋಡೆಯೆಂದರೆ ಎರಡು ಗೆರೆ ಎಳೆಯುತ್ತಿದ್ದ. ಅದು ಗೋಡೆಯೆಂದು ಅವನಿಗೆ ಗೊತ್ತು, ಮೇಸ್ತ್ರಿಗೆ ಗೊತ್ತು, ಕಾಗದಕ್ಕೆ ಗೊತ್ತಿಲ್ಲ. ಈ ಹೊಸ ತಂತ್ರಾಂಶಗಳಲ್ಲಿ ಹಾಗಲ್ಲ. ಗೋಡೆಯನ್ನು ಎಳೆದೊಡನೆ ಅದು ಗೋಡೆಯೆಂದೇ ದಾಖಲಾಗುತ್ತದೆ. ಒಂಬತ್ತು ಇಂಚು ಇಟ್ಟಿಗೆ, ಎರಡು ಮಗ್ಗುಲಿಗೂ ಅರ್ಧರ್ಧ ಇಂಚು ಗಿಲಾವು, ಬುಡ ಯಾವ ಮಟ್ಟದಲ್ಲಿ, ತಲೆ ಯಾವ ಮಟ್ಟದಲ್ಲಿ, ಇಷ್ಟನ್ನೂ ಅದು ನೆನಪಿಟ್ಟುಕೊಳ್ಳುತ್ತದೆ. ಬಾಗಿಲನ್ನು ತಂದಿಟ್ಟರೆ ತಾನೇ ತೂತಾಗುತ್ತದೆ. ಬಾಗಿಲನ್ನು ತೆಗೆದರೆ ತಾನೇ ಮುಚ್ಚಿಕೊಳ್ಳುತ್ತದೆ. ಎಷ್ಟು ಘನ ಅಡಿ ಇಟ್ಟಿಗೆ ಕೆಲಸವೆಂದು ಕೇಳಿದರೆ ಲೆಕ್ಕವನ್ನೂ ಕೊಡುತ್ತದೆ. ಆದರೆ ಹುಟ್ಟುವಾಗ ಆ ಗೋಡೆ ನಮ್ಮ ಅಂಚೆ ಕಾರ್ಡಿನಂತೆ ನಾಲ್ಕು ಮೂಲೆಯ ಚಚ್ಚೌಕ ಹಲಗೆಯೇ. ಮನೆಗಳಲ್ಲಿರುವ ಗೋಡೆಗಳೆಲ್ಲ ಹಾಗಿರುವುದಿಲ್ಲವಷ್ಟೆ. ಹೆಂಚಿನ ಮನೆಯ ಎರಡು ತುದಿಗಳಲ್ಲಿ ಗೋಡೆ ಮುಕ್ಕೋನೆಯಾಗಿ ಮಾಡಿನ ನೆತ್ತಿಯವರೆಗೆ ಏಳಬೇಕು. ಇಳಿಜಾರು ನೆಲದ ಮೇಲಿನ ಕಾಂಪೌಂಡು ಗೋಡೆಯ ಬುಡ ಮೆಟ್ಟಲು ಮೆಟ್ಟಲಾಗಿರಬೇಕು. ಪಡಸಾಲೆಗೂ ನಡುಮನೆಗೂ ನಡುವೆ ಕಮಾನಿನ ದಾರಿ ಬೇಕು. ಇದಕ್ಕೆಲ್ಲ ಹಲಗೆಯನ್ನು ಕತ್ತರಿಸಬೇಕಾಗುತ್ತದೆ.

ಕತ್ತರಿಸುವ ಒಂದು ದಾರಿ ಹೀಗೆ. ಗೋಡೆಯನ್ನು ಆರಿಸಿ ಅದರ ಪ್ರೊಫೈಲನ್ನು, ಅಂದರೆ ಎದುರಿನಿಂದ ಕಾಣುವ ಹೊರಗೆರೆಯನ್ನು, ತಿದ್ದುವುದಕ್ಕೆ ಅಪ್ಪಣೆ ಕೇಳಬೇಕು. ಗೋಡೆಯ ಅಂಚು ಗುಲಾಬಿ ಬಣ್ಣದ ಗೆರೆಗಳಾಗಿ ಬಿಚ್ಚಿಕೊಳ್ಳುತ್ತದೆ. ಮೇಲಿನ ಗೆರೆಯನ್ನು ಅಳಿಸಿ, ಅದರ ಬದಲು ಎರಡು ಓರೆಗೆರೆಗಳನ್ನೆಳೆದರೆ ಮುಕ್ಕೋನೆ ಸಿದ್ಧ. ಒಳಗೆ ಇನ್ನೊಂದು ಸುತ್ತುಗೆರೆ ಎಳೆದರೆ ಅದು ಕಿಂಡಿ. ಕಟ್ಟುಪಾಡು ಹೆಚ್ಚಿಲ್ಲ: ಗೆರೆಗಳು ಸುತ್ತಿ ಬಂದು ಕೂಡಿಕೊಳ್ಳಬೇಕು, ನಡುವೆ ಸಂದಿರಬಾರದು, ಒಂದನ್ನೊಂದು ದಾಟಬಾರದು, ಗೆರೆಯ ಮೇಲೆ ಗೆರೆ ಬೀಳಬಾರದು. ಕೂದಲೆಳೆಯ ಸಂದಿದ್ದರೂ ಯಂತ್ರ ಒಪ್ಪುವುದಿಲ್ಲ, ಎಚ್ಚರಿಕೆ ಕೊಟ್ಟು ಹಿಂದಕ್ಕೆ ಕಳಿಸುತ್ತದೆ. ಹೊಸದಾಗಿ ಕಲಿಯುವ ಹುಡುಗರು ಅರ್ಧ ಗಂಟೆ ಆ ಸಂದನ್ನು ಹುಡುಕುತ್ತ ಕೂತಿರುವುದನ್ನು ನಾನು ನೋಡಿದ್ದೇನೆ. ಸಾಮಾನ್ಯವಾಗಿ ಅದು ಮೂಲೆಯಲ್ಲೇ ಇರುತ್ತದೆ. ಕೆಲಸ ಕೆಟ್ಟಿತೆನಿಸಿದರೆ ಮೊದಲಿನ ಚಚ್ಚೌಕಕ್ಕೆ ಮರಳಿಸುವ ಗುಂಡಿಯೂ ಇದೆ. ಗೆರೆ ಎಳೆಯುವುದು ಸಪಾಟಾದ ಮೈಮೇಲೆ; ಆದ್ದರಿಂದ ಬಾವಿಯ ಕಟ್ಟೆಯಂತೆ ಬಾಗಿದ ಗೋಡೆಗೆ ರೆವಿಟ್‌ನಲ್ಲಿ ಬಹುಕಾಲ ಈ ಸೌಕರ್ಯವಿರಲಿಲ್ಲ. ಅಂಥ ಗೋಡೆಯಲ್ಲಿ ಚಚ್ಚೌಕ ಕಿಂಡಿಯನ್ನು ಕೊರೆಯುವುದಕ್ಕೆ ಮಾತ್ರ ಬೇರೊಂದು ಉಪಕರಣವಿತ್ತು.

ಇಷ್ಟು ಸುಲಭವಾಗಿರುವುದರಿಂದಲೇ ನಾನು ಕೆಟ್ಟೆ. ಅದನ್ನೂ ಹೇಳಿಬಿಡುತ್ತೇನೆ.

ಮಲೆನಾಡಿನ ಒಂದು ಊರಿನಲ್ಲಿ, ಬಸ್ ಕಂಡಕ್ಟರಾಗಿ ನಿವೃತ್ತರಾದ ಒಬ್ಬರು ತಮ್ಮ ಹಳೆಯ ಮನೆಯ ಜಾಗದಲ್ಲಿ ಸಣ್ಣದೊಂದು ಹೆಂಚಿನ ಮನೆ ಕಟ್ಟಿಸಲು ಹೊರಟರು. ಚಿಲ್ಲರೆಯ ಲೆಕ್ಕವನ್ನು ಎಂದೂ ಬಿಟ್ಟವರಲ್ಲ. ನಿವೃತ್ತಿಯ ಹಣದಲ್ಲಿ ಇಷ್ಟು ಇಟ್ಟಿಗೆಗೆ, ಇಷ್ಟು ಮರಕ್ಕೆ, ಇಷ್ಟು ಕೂಲಿಗೆ ಎಂದು ಮೊದಲೇ ಗಂಟು ಕಟ್ಟಿಟ್ಟಿದ್ದರು. ಮನೆಯ ಅಗಲ ಇಪ್ಪತ್ತಡಿ. ಮಾಡಿನ ಇಳಿಜಾರು 25 ಡಿಗ್ರಿ ಸಾಕೆಂದು ನಾನು ಹೇಳಿದೆ. ಎರಡು ತುದಿಯ ಗೋಡೆಗಳ ಮುಕ್ಕೋನೆಯನ್ನು, ಮಾಡನ್ನು ಇಡುವ ಮೊದಲೇ, ಲೆಕ್ಕ ಹಾಕಿ ಕೈಯಾರೆ ಗೆರೆ ಎಳೆದು ಮಾಡಿದೆ. ಇಪ್ಪತ್ತು ವರ್ಷ ಡ್ರಾಯಿಂಗು ಹಲಗೆಯ ಮೇಲೆ ಗೆರೆ ಎಳೆದ ಕೈ. ಯಂತ್ರದ ಮುಂದೆ ಕೂತರೂ ಅದಕ್ಕೆ ಗೆರೆ ಎಳೆಯುವುದೇ ತೃಪ್ತಿ. ಅರ್ಧ ಅಗಲ ಹತ್ತಡಿಗೆ 25 ಡಿಗ್ರಿಯಲ್ಲಿ ಏರು ನಾಲ್ಕಡಿ ಎಂಟಿಂಚು. ಆಮೇಲೆ ಮಾಡನ್ನು ತಂದಿಟ್ಟೆ. ಗೋಡೆಯ ಮೇಲೆ ಹೊಲಿದಂತೆ ಕೂತಿತು.

ಒಂದು ತಿಂಗಳಾದ ಮೇಲೆ ಬಡಗಿಯವರು ನಕ್ಷೆಯನ್ನು ನೋಡಿ, ಇಲ್ಲಿನ ಮಳೆಗಾಳಿಗೆ ಈ ಇಳಿಜಾರು ಸಾಲದು, ನೀರು ಹೆಂಚಿನ ಸಂದಿಗೆ ಹಿಂದಕ್ಕೆ ಹೊಡೆಯುತ್ತದೆ, ಇನ್ನೂ ಕಡಿದಾಗಿರಲಿ ಎಂದರು. ಮಾತು ಸರಿಯಾಗಿತ್ತು. ನಾನು ಮಾಡನ್ನು ಆರಿಸಿ 25 ಇದ್ದ ಕಡೆ 30 ಎಂದು ಬರೆದೆ. ಮಾಡು ಎದ್ದು ನಿಂತಿತು. ಅದರ ಪಕ್ಕಾಸುಗಳ ಅಳತೆಯೂ ತಾನೇ ಬದಲಾಯಿತು. ಹೊಸ ಕಾಗದವನ್ನು ಬಡಗಿಗೆ ಕೊಟ್ಟೆ. ಗೋಡೆಯ ಕಾಗದ ಹಿಂದೆಯೇ ಮೇಸ್ತ್ರಿಯ ಕೈ ಸೇರಿತ್ತು.

ಗೋಡೆ ಮಾತ್ರ ಎದ್ದಿರಲಿಲ್ಲ. ಯಾಕೆ ಏಳಬೇಕು? ನಾನು ಅದಕ್ಕೆ ಎರಡು ಓರೆಗೆರೆ ಕೊಟ್ಟಿದ್ದೆನೇ ಹೊರತು, ಆ ಗೆರೆಗಳು ಮಾಡಿನ ಸಲುವಾಗಿ ಇವೆಯೆಂದು ಹೇಳಿರಲಿಲ್ಲ. ಮೂವತ್ತು ಡಿಗ್ರಿಗೆ ಏರು ಐದಡಿ ಒಂಬತ್ತಿಂಚಾಗಬೇಕು. ನೆತ್ತಿಯಲ್ಲಿ ಗೋಡೆಗೂ ಮಾಡಿಗೂ ನಡುವೆ ಒಂದಡಿ ಒಂದಿಂಚು ಸಂದು ಬಿದ್ದಿತ್ತು. ಇಷ್ಟು ದೊಡ್ಡ ಸಂದು ಕಣ್ಣಿಗೆ ಬೀಳಲಿಲ್ಲವೇ ಎಂದರೆ, ಮನೆಯ ಮುಖವಿದ್ದದ್ದು ಉದ್ದದ ಮಗ್ಗುಲಿಗೆ. ಮಾಡಿನ ಅಂಚು ತುದಿಗೋಡೆಗಳಿಂದ ಎರಡಡಿ ಹೊರಗೆ ಚಾಚಿತ್ತು. ತೆರೆಯ ಮೇಲೆ ಮನೆಯನ್ನು ನಾವು ನೋಡುವುದು ಸಾಮಾನ್ಯವಾಗಿ ಹಕ್ಕಿಯಂತೆ ಮೇಲಿನಿಂದ. ಆ ಚಾಚು ಎಲ್ಲವನ್ನೂ ಮುಚ್ಚಿತ್ತು. ಒಂದು ಸಲ ಕೆಳಗಿಳಿದು, ತುದಿಗೋಡೆಯ ಎದುರು ನಿಂತು ತಲೆಯೆತ್ತಿದ್ದರೆ ಕಾಣುತ್ತಿತ್ತು. ನಾನು ನಿಲ್ಲಲಿಲ್ಲ.

ಮೇ ತಿಂಗಳ ಕೊನೆಯ ವಾರ ಫೋನು ಬಂದಿತು. ಹೋಗಿ ನೋಡಿದರೆ ಅಂಗಳದಲ್ಲಿ ಮೇಸ್ತ್ರಿಗೂ ಬಡಗಿಗೂ ಮಾತಿಗೆ ಮಾತು ಬೆಳೆದು, ಯಜಮಾನರು ಇಬ್ಬರಿಗೂ ಬೈದು, ಮೂವರೂ ಮುಖ ತಿರುಗಿಸಿಕೊಂಡು ಕೂತಿದ್ದರು. ಮುಕ್ಕೋನೆ ಗೋಡೆಗಳು 25ರ ಲೆಕ್ಕದಲ್ಲಿ ಕಟ್ಟಿ ಮುಗಿದಿವೆ. ಪಕ್ಕಾಸುಗಳು 30ರ ಲೆಕ್ಕದಲ್ಲಿ ಅರ್ಧ ಅಡಿ ಉದ್ದವಾಗಿ ಕೊಯ್ದು ಬಿದ್ದಿವೆ. ನೆತ್ತಿಯ ತೊಲೆಯನ್ನು ಗೋಡೆಯ ಮೇಲೆ ಕೂರಿಸಿದರೆ ಪಕ್ಕಾಸುಗಳ ಕೊಯ್ತ ಕೂಡುವುದಿಲ್ಲ.

ಮೇಸ್ತ್ರಿ ಎದ್ದು ಬಂದು, "ಸಾರ್, ನೀವು ಕೊಟ್ಟ ಕಾಗದ ನೋಡಿ ನಾನು ಕಟ್ಟಿದೀನಿ. ನೀವು ಕೊಟ್ಟ ಕಾಗದ ನೋಡಿ ಆಚಾರ್ರು ಕೊಯ್ದಿದಾರೆ. ಎರಡೂ ಕೂಡೋಲ್ಲ ಅಂದ್ರೆ ಕಾಗದಾನೇ ಕೇಳ್ಬೇಕು" ಎಂದರು.

ನಾನು ಕಾಗದಗಳನ್ನು ಬಿಚ್ಚಿ ಪಕ್ಕಪಕ್ಕದಲ್ಲಿ ಹಾಸಿದೆ. ಅಷ್ಟು ಹೊತ್ತಿಗೆ ನನಗೆ ಗೊತ್ತಾಗಿಹೋಗಿತ್ತು, ಆದರೂ ಹಾಸಿದೆ. ತಪ್ಪು ನನ್ನದೆಂದು ಹೇಳಿದಾಗ ಬಡಗಿಯವರು ಮೇಸ್ತ್ರಿಯ ಮುಖ ನೋಡಿದರು, ಮೇಸ್ತ್ರಿ ಇಟ್ಟಿಗೆ ರಾಶಿ ನೋಡಿದರು. ಒಂದೊಂದು ಮುಕ್ಕೋನೆಗೂ ಹನ್ನೊಂದು ಚದರಡಿ ಗೋಡೆ ಕಡಿಮೆ. ಒಂಬತ್ತಿಂಚಿನ ಗೋಡೆಗೆ ಎರಡೂ ತುದಿ ಸೇರಿ ಹದಿನಾರು ಹದಿನೇಳು ಘನ ಅಡಿ. ಇನ್ನೂರರ ಹತ್ತಿರ ಇಟ್ಟಿಗೆ. ನಾನು ಕೊಟ್ಟ ಅಂದಾಜು ಪಟ್ಟಿಯಲ್ಲಿ ಅವು ಇರಲಿಲ್ಲ; ಗಿಡ್ಡ ಗೋಡೆಯನ್ನೇ ಅಳೆದು ಯಂತ್ರ ಪ್ರಾಮಾಣಿಕವಾಗಿ ಲೆಕ್ಕ ಕೊಟ್ಟಿತ್ತು. ಇಟ್ಟಿಗೆಯ ಹಣವನ್ನು ನಾನು ಕೊಟ್ಟೆ. ಆದರೆ ಓರೆಯಾಗಿ ಮುಗಿಸಿದ ವರಸೆಗಳನ್ನು ಬಿಚ್ಚಿ ಮತ್ತೆ ಮೇಲೆ ಕಟ್ಟುವುದಕ್ಕೆ, ಅದು ಗಟ್ಟಿಯಾಗುವುದಕ್ಕೆ ದಿನಗಳು ಬೇಕಲ್ಲ! ಮಳೆ ಯಾರ ತಪ್ಪಿಗೂ ಕಾಯುವುದಿಲ್ಲ. ಹೆಂಚು ಏರುವ ಮೊದಲೇ ಎರಡು ದೊಡ್ಡ ಮಳೆ ಬಿದ್ದು, ಹೊಸ ಗೋಡೆಗಳ ಒಳಮೈಯೆಲ್ಲ ನೆನೆಯಿತು. ಯಜಮಾನರು ಒಂದೇ ಮಾತು ಕೇಳಿದರು: "ಅಷ್ಟೆಲ್ಲ ತೋರಿಸೋ ನಿಮ್ಮ ಯಂತ್ರಕ್ಕೆ ಇದು ಗೊತ್ತಾಗ್ಲಿಲ್ವೇ?"

ಗೊತ್ತಾಗುತ್ತಿತ್ತು, ನಾನು ಇನ್ನೊಂದು ದಾರಿ ಹಿಡಿದಿದ್ದರೆ. ಅದೇ ತಂತ್ರಾಂಶದಲ್ಲಿ ಗೋಡೆಯನ್ನು ಆರಿಸಿ, ಅದರ ತಲೆಯನ್ನು ಮಾಡಿಗೆ ಅಂಟಿಸು ಎಂದು ಹೇಳುವ ಗುಂಡಿಯಿದೆ. ಗುಂಡಿ ಒತ್ತಿ ಮಾಡನ್ನು ತೋರಿಸಿದರಾಯಿತು. ಗೋಡೆ ತಾನೇ ಬೆಳೆದು ಮಾಡಿನ ಅಡಿಮೈಗೆ ಹೋಗಿ ಮುಟ್ಟುತ್ತದೆ. ಗೆರೆಯನ್ನೇ ಎಳೆಯಬೇಕಾಗಿಲ್ಲ. ನಾಳೆ ಇಳಿಜಾರು 30 ಆಗಲಿ 35 ಆಗಲಿ, ಗೋಡೆ ಹಿಂಬಾಲಿಸುತ್ತದೆ. ಇಟ್ಟಿಗೆಯ ಲೆಕ್ಕವೂ ಹಿಂಬಾಲಿಸುತ್ತದೆ. ಮಾಡನ್ನೇ ಅಳಿಸಿದರೆ ಗೋಡೆ ಮತ್ತೆ ಮೊದಲಿನ ಚಚ್ಚೌಕವಾಗುತ್ತದೆ. ಬೇಡವೆನಿಸಿದಾಗ ಬಿಡಿಸುವ ಗುಂಡಿಯೂ ಪಕ್ಕದಲ್ಲೇ ಇದೆ.

ಎರಡು ದಾರಿಯಲ್ಲೂ ತೆರೆಯ ಮೇಲೆ ಕಾಣುವ ಮುಕ್ಕೋನೆ ಒಂದೇ. ನೋಡುವವರಿಗೆ ಕೂದಲಷ್ಟೂ ವ್ಯತ್ಯಾಸ ತಿಳಿಯದು. ಒಂದು ಗೋಡೆಗೆ ತನ್ನ ಆಕಾರ ಮಾತ್ರ ಗೊತ್ತು. ಇನ್ನೊಂದಕ್ಕೆ ಆ ಆಕಾರ ಯಾಕೆ ಬಂದಿತೆಂಬುದೂ ಗೊತ್ತು. ಇದೇನೂ ಹೊಸ ವಿಚಾರವಲ್ಲ. ಇವಾನ್ ಸದರ್ಲೆಂಡ್ ಎಂಬಾತ ಎಂ.ಐ.ಟಿ.ಯಲ್ಲಿ ವಿದ್ಯಾರ್ಥಿಯಾಗಿದ್ದಾಗ, 1963ರಲ್ಲಿ, ಸ್ಕೆಚ್‌ಪ್ಯಾಡ್ ಎಂಬ ಕಾರ್ಯಕ್ರಮವನ್ನು ರಚಿಸಿದ. ಬೆಳಕಿನ ಲೇಖನಿಯಿಂದ ತೆರೆಯ ಮೇಲೆ ಗೆರೆ ಎಳೆದು, ಈ ಎರಡು ಗೆರೆ ಸಮಾನಾಂತರವಾಗಿರಲಿ, ಇವು ಸಮ ಉದ್ದವಾಗಿರಲಿ ಎಂದು ಹೇಳಿದರೆ ಯಂತ್ರ ಅದರಂತೆ ಗೆರೆಗಳನ್ನು ಹೊಂದಿಸುತ್ತಿತ್ತು. ಕಂಪ್ಯೂಟರಿನಲ್ಲಿ ಚಿತ್ರ ಬರೆಯುವ ವಿದ್ಯೆಯ ಬಾಲ್ಯದಲ್ಲೇ ಗೆರೆಯ ಜೊತೆಗೆ ಗೆರೆಗಳ ನಂಟನ್ನೂ ಹೇಳುವ ಏರ್ಪಾಟು ಬಂದಿತ್ತು. ನಂಟನ್ನು ಹೇಳದೆ ಬರಿಯ ಗೆರೆ ಎಳೆದು ಎದ್ದುಬಂದವನು ನಾನು.

ಹಾಗಾದರೆ ಹೊರಗೆರೆಯನ್ನು ಕೈಯಾರೆ ತಿದ್ದಲೇಬಾರದೇ? ಹಾಗೇನಿಲ್ಲ. ಗೋಡೆಯ ಆಕಾರ ಬೇರೆ ಯಾವುದನ್ನೂ ಅವಲಂಬಿಸದೆ ನಮ್ಮ ಇಷ್ಟದಿಂದಲೇ ಬಂದದ್ದಾದರೆ ಕೈಗೆರೆಯೇ ಸರಿ. ಕಾಂಪೌಂಡು ಗೋಡೆಯ ತಲೆ ಅಲೆ ಅಲೆಯಾಗಿರಲಿ ಎಂದರೆ ಅದಕ್ಕೆ ನಂಟು ಹುಡುಕುವುದೆಲ್ಲಿ? ಕಮಾನಿನ ದಾರಿಯೂ ಹಾಗೆಯೇ. ಆದರೆ ಕಿಟಕಿಯ ಕಿಂಡಿಯನ್ನು ಹೀಗೆ ಕೊರೆಯಬಾರದು. ಕಿಟಕಿಯನ್ನು ಕಿಟಕಿಯಾಗಿಯೇ ಇಟ್ಟರೆ ಅದು ಪಟ್ಟಿಯಲ್ಲಿ ಎಣಿಕೆಗೆ ಬರುತ್ತದೆ. ಬರಿಯ ಕಿಂಡಿ ಬರುವುದಿಲ್ಲ. ಹತ್ತು ಕಿಟಕಿಯ ಮನೆಗೆ ಒಂಬತ್ತು ಕಿಟಕಿ ಮಾಡಿಸಿ ತಂದವರ ಕಥೆ ನಾನು ಕೇಳಿದ್ದೇನೆ. ಅದು ನನ್ನದಲ್ಲ, ಸದ್ಯ.

ಪ್ರೊಫೈಲ್ ಎಂಬ ಈ ಮಾತಿಗೆ ನಮ್ಮ ಕಸುಬಿನಲ್ಲಿ ಇನ್ನೊಂದು ಅರ್ಥವೂ ಇದೆ. ಅದನ್ನು ಬಿಡಲು ಮನಸ್ಸಿಲ್ಲ. ಹಳೆಯ ಬಂಗಲೆಗಳ ಗೋಡೆಯ ಮೇಲಂಚಿನಲ್ಲಿ ಉಬ್ಬು, ತಗ್ಗು, ಬಾಗುಗಳಿಂದ ಓಡುವ ಕಾರ್ನೀಸನ್ನು ನೀವು ನೋಡಿದ್ದೀರಿ. ಅದನ್ನು ಗಾರೆಯವರು ಮಾಡುವುದು ಹೇಗೆಂದು ಎಂದಾದರೂ ನಿಂತು ನೋಡಿದ್ದೀರಾ? ಬೇಕಾದ ಉಬ್ಬುತಗ್ಗಿನ ಆಕಾರವನ್ನು ಒಂದು ತಗಡಿನ ಅಂಚಿನಲ್ಲಿ ಕತ್ತರಿಸಿ, ಮರದ ಹಿಡಿಕೆಗೆ ಹೊಡೆದು ಅಚ್ಚು ಮಾಡಿಕೊಳ್ಳುತ್ತಾರೆ. ಗೋಡೆಗೆ ಹಸಿ ಗಾರೆ ಹಚ್ಚಿ, ಒಂದು ಪಟ್ಟಿಯ ಆಸರೆಯ ಮೇಲೆ ಆ ಅಚ್ಚನ್ನು ಹಿಂದಕ್ಕೂ ಮುಂದಕ್ಕೂ ಎಳೆಯುತ್ತಾರೆ. ಮೊದಲ ಸಲ ಗಾರೆ ಹರಿದುಹರಿದು ಬರುತ್ತದೆ. ಇನ್ನಷ್ಟು ಹಚ್ಚಿ ಮತ್ತೆ ಎಳೆಯುತ್ತಾರೆ. ಮೂರು ನಾಲ್ಕು ಎಳೆತಕ್ಕೆ ಉಬ್ಬುಗಳು ಚೂಪಾಗಿ ಮೂಡಿ, ಗೋಡೆಯ ಉದ್ದಕ್ಕೂ ಒಂದೇ ಆಕಾರ ಓಡುತ್ತದೆ. ಮೂಲೆಗಳಲ್ಲಿ ಅಚ್ಚು ತಿರುಗುವುದಿಲ್ಲ. ಅಲ್ಲಿ ಕರಣೆ ಹಿಡಿದ ಕೈಯೇ ಗತಿ. ಮೇಸ್ತ್ರಿಯ ಹಿರಿಮೆಯನ್ನು ಅಳೆಯುವುದಿದ್ದರೆ ಆ ಮೂಲೆಯಲ್ಲಿ ಅಳೆಯಬೇಕು.

ತಂತ್ರಾಂಶದಲ್ಲಿ ನಡೆಯುವುದೂ ಇದೇ. ಅಡ್ಡ ಕತ್ತರಿಸಿದರೆ ಕಾಣುವ ಆಕಾರವನ್ನು ಒಂದು ಸಲ ಬರೆದು, ಹೆಸರಿಟ್ಟು, ಇದನ್ನು ಈ ಗೋಡೆಯ ಉದ್ದಕ್ಕೆ ಇಷ್ಟೆತ್ತರದಲ್ಲಿ ಓಡಿಸು ಎಂದರೆ ಕಾರ್ನೀಸು ಮೂಡುತ್ತದೆ. ಬುಡದಲ್ಲಿ ಓಡಿಸಿದರೆ ಸ್ಕರ್ಟಿಂಗು. ಗೋಡೆಯ ಒಳಕ್ಕೆ ಕೊರೆಯುತ್ತ ಓಡಿಸಿದರೆ ಗಾಡಿ. ಬಾಗಿಲು ಅಡ್ಡ ಬಂದಲ್ಲಿ ಅದು ಕಡಿದು ನಿಲ್ಲಬೇಕೇ, ಓಡಬೇಕೇ ಎಂಬುದನ್ನೂ ಹೇಳಿಡಬಹುದು. ಆಮೇಲೆ ಮೂಲ ಆಕಾರದಲ್ಲಿ ಒಂದು ಬಾಗನ್ನು ತಿದ್ದಿ ಮತ್ತೆ ತಂದಿಟ್ಟರೆ, ಮನೆಯ ಕಾರ್ನೀಸೆಲ್ಲ ಒಟ್ಟಿಗೆ ಬದಲಾಗುತ್ತದೆ. ತಗಡನ್ನು ತಿದ್ದಿದರೆ ಹಳೆಯ ಗಾರೆ ಬದಲಾಗುವುದಿಲ್ಲ ನೋಡಿ, ಇಲ್ಲಿ ಆಗುತ್ತದೆ. ಇಲ್ಲಿ ನಂಟು ಮೊದಲಿನಿಂದಲೇ ಇದೆ, ನಾವು ಹೇಳಬೇಕಾಗಿಲ್ಲ. ಇದಲ್ಲದೆ 2021ರ ಆವೃತ್ತಿಯಿಂದ ವಾಲಿದ ಗೋಡೆಯನ್ನೂ, 2022ರ ಆವೃತ್ತಿಯಿಂದ ಹಳೆಯ ಮಣ್ಣುಗೋಡೆಗಳಂತೆ ಬುಡ ದಪ್ಪ ತಲೆ ಸಪುರವಾದ ಗೋಡೆಯನ್ನೂ ರೆವಿಟ್‌ನಲ್ಲಿ ನೇರವಾಗಿ ನಿಲ್ಲಿಸಬಹುದಾಗಿದೆ. ಹಳೆಯ ಮನೆಗಳನ್ನು ಅಳೆದು ದಾಖಲಿಸುವವರಿಗೆ ಇದು ದೊಡ್ಡ ಉಪಕಾರ.

ಮನೆ ಕಟ್ಟಿಸುವ ಯೋಚನೆಯಲ್ಲಿರುವವರು ಈ ಮಾತನ್ನು ಕೇಳುತ್ತಿದ್ದರೆ, ಈ ವಿದ್ಯೆಯನ್ನೆಲ್ಲ ಕಲಿಯಬೇಕಾಗಿಲ್ಲ. ಎಂಜಿನಿಯರರು ತೆರೆಯನ್ನು ನಿಮ್ಮ ಕಡೆಗೆ ತಿರುಗಿಸಿದಾಗ ಮೂರು ಕೆಲಸ ಮಾಡಿ. ಮನೆಯನ್ನು ಮೇಲಿನಿಂದ ತೋರಿಸಿದ್ದಾದ ಮೇಲೆ, ಅಂಗಳದಲ್ಲಿ ನಿಂತವರ ಕಣ್ಣಿನ ಎತ್ತರಕ್ಕೆ ಇಳಿಸಿ, ನಾಲ್ಕು ಮಗ್ಗುಲಿಂದಲೂ ತೋರಿಸಲು ಹೇಳಿ. ಗೋಡೆಯ ಕಾಗದ, ಮಾಡಿನ ಕಾಗದ ಎರಡರ ಮೇಲೂ ಒಂದೇ ತಾರೀಖು ಇದೆಯೇ ನೋಡಿ. ಇಲ್ಲವಾದರೆ ಹಳೆಯದನ್ನು ಮೇಸ್ತ್ರಿಯ ಕೈಯಿಂದ ವಾಪಸು ಪಡೆಯಿರಿ. ಆ ಕಂಡಕ್ಟರ ಮನೆಯಲ್ಲಿ ಇದೊಂದನ್ನು ಮಾಡಿದ್ದರೂ ಸಾಕಾಗಿತ್ತು. ಕೊನೆಯದಾಗಿ, ಮಾಡಿನ ಇಳಿಜಾರನ್ನು ನಿಮ್ಮೆದುರಿಗೇ ಐದು ಡಿಗ್ರಿ ಏರಿಸಿ ತೋರಿಸಲು ಕೇಳಿ. ಗೋಡೆಯೂ ಜೊತೆಗೆ ಏರಿತೇ, ಇಟ್ಟಿಗೆಯ ಲೆಕ್ಕ ಬದಲಾಯಿತೇ ನೋಡಿ. ಎಂಜಿನಿಯರರು ಬೇಸರಪಟ್ಟುಕೊಳ್ಳಲಾರರು, ಒಂದು ನಿಮಿಷದ ಕೆಲಸ. ನೋಡಿದ ಮೇಲೆ ಮತ್ತೆ ಹಿಂದಿನ ಅಳತೆಗೇ ಇಳಿಸಿಡಲು ಹೇಳುವುದನ್ನು ಮಾತ್ರ ಮರೆಯಬೇಡಿ.